ಕುಂಕುಮ ಇಟ್ಟು ಕರೆದ ಓಟು

ನಾನು ನಮ್ಮ ವಾರ್ಡಿನ ಚುನಾವಣೆಗೆ ನಿಂತದ್ದು ನೀರಿಗಾಗಿ ಎಂದು ಎಲ್ಲರಿಗೂ ಹೇಳಿದ್ದೇನೆ. ನೋಟಿಸಿನಲ್ಲೂ ಹಾಗೆಯೇ ಅಚ್ಚು ಹಾಕಿಸಿದ್ದೆ. ನೀರಿನ ತೊಂದರೆ ಇದ್ದದ್ದು ನಿಜ. ಆದರೆ ನಾನು ನಿಂತದ್ದು ನನ್ನ ಓರಗಿತ್ತಿಯ ಮೇಲಿನ ಹೊಟ್ಟೆಕಿಚ್ಚಿಗೆ. ಹಾಗೆಂದು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಅವಳನ್ನು ಹತ್ತಿರದಿಂದ ನೋಡಿದ ಯಾರಿಗಾದರೂ ಅಷ್ಟು ಕಿಚ್ಚು ಹುಟ್ಟಲೇಬೇಕು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಡೆಂಕಣಿಕೋಟೆ ದಾಟಿ, ಕಾಡಿನ ಅಂಚಿಗೆ ಹತ್ತಿದ ಹಳ್ಳಿಯಲ್ಲಿ ಅವರ ರಾಗಿ ಹೊಲ, ಕೋಸು, ಟೊಮೆಟೊ ಎಲ್ಲ ಇದೆ. ನಾವು ಹೊಸೂರಿಗೆ ಬಂದು ಬಹಳ ವರ್ಷವಾಯಿತು. ಗಂಡನಿಗೆ ಫ್ಯಾಕ್ಟರಿಯಲ್ಲಿ ಕೆಲಸ. ಜೂಜುವಾಡಿಯ ಕಡೆ ಎದ್ದ ಬಡಾವಣೆಯೊಂದರಲ್ಲಿ ನಮ್ಮ ಮನೆ, ಅದರ ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ. ಬಡಾವಣೆಯ ಹೆಂಗಸರಲ್ಲಿ ನನ್ನ ಟೇಪು ಮುಟ್ಟದ ಭುಜ ಕಡಿಮೆ. ಯಾರು ದಪ್ಪಗಾದರು, ಯಾರು ಇಳಿದರು, ಯಾರು ಇಳಿದಿದ್ದೇವೆಂದು ಸುಮ್ಮನೆ ಹೇಳಿಕೊಂಡು ತಿರುಗುತ್ತಾರೆ, ಎಲ್ಲ ನನಗೆ ಗೊತ್ತು.

ಅಕ್ಕ ನನಗಿಂತ ಕಪ್ಪು, ನನಗಿಂತ ದಪ್ಪ, ನನ್ನಷ್ಟು ಓದಿದವಳಲ್ಲ. ಬಾಯಿ ತುಂಬ ಎಲೆ ಅಡಿಕೆ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುತ್ತಾಳೆ. "ಸಾರ್‍ಗೆ ಉಪ್ಪು ಹಾಕೋದು ಮರ್‍ತೋಯ್ತಾ, ಇಲ್ಲ ಡಾಕ್ಟ್ರು ಬ್ಯಾಡ ಅಂದವ್ರಾ?" ಎಂದು ಕೇಳುತ್ತಾಳೆ. ಇಂಥವಳನ್ನು ಜನ ದೂರ ಇಡಬೇಕಿತ್ತು. ಇಡುವುದಿಲ್ಲ. ರಾಯಕೋಟೆಯಲ್ಲಿರುವ ನನ್ನ ಹೆತ್ತ ತಾಯಿಯೇ ಫೋನು ಮಾಡಿದರೆ ಮೊದಲು ಕೇಳುವುದು, "ನಿಮ್ಮಕ್ಕ ಚೆನ್ನಾಗವ್ಳಾ?" ಎಂದು. ನಾನು ಚೆನ್ನಾಗಿದ್ದೇನೋ ಇಲ್ಲವೋ, ಅದು ಆಮೇಲಿನ ಮಾತು.

ಇಷ್ಟಾದರೂ ನಾನು ಹೇಗೋ ಸಹಿಸಿಕೊಂಡಿದ್ದೆ. ನನ್ನ ತಲೆ ಪೂರ್ತಿ ಕೆಟ್ಟದ್ದು ಅವಳು ಪಂಚಾಯ್ತಿ ಅಧ್ಯಕ್ಷರ ಜಾಗಕ್ಕೆ ನಿಂತಾಗ.

ನಮ್ಮ ತಮಿಳುನಾಡಿನ ಕಡೆ ಅಧ್ಯಕ್ಷರನ್ನೂ ಊರವರೇ ಓಟು ಹಾಕಿ ಆರಿಸುತ್ತಾರೆ; ಆ ಸಲ ಆ ಜಾಗ ಹೆಂಗಸರಿಗೆ ಮೀಸಲಾಗಿತ್ತು. ಮೇಲಿನ ಬೀದಿಯಿಂದ ಅಕ್ಕ ನಿಂತಳು, ಕೆಳಗಿನ ಬೀದಿಯಿಂದ ಇನ್ನೊಬ್ಬಳು. ನಮ್ಮ ಓಟು ಆಗಿನ್ನೂ ಹಳ್ಳಿಯಲ್ಲೇ ಇತ್ತು. ಹೊಸೂರಿನಲ್ಲಿ ಮನೆ ಕಟ್ಟಿದ ಎಷ್ಟೋ ಜನ ಹಾಗೆಯೇ ಮಾಡುತ್ತಾರೆ; ಊಟ ಇಲ್ಲಿ, ಓಟು ಅಲ್ಲಿ.

ದೊಡ್ಡ ಚುನಾವಣೆಗೆ ನಮ್ಮ ಹಳ್ಳಿಗೆ ಜೀಪು ಬರುತ್ತದೆ, ಮೈಕು ಕೂಗುತ್ತದೆ, ಧೂಳೆಬ್ಬಿಸಿ ಹೋಗುತ್ತದೆ. ಪಂಚಾಯ್ತಿ ಚುನಾವಣೆಯ ರೀತಿಯೇ ಬೇರೆ. ಅದನ್ನು ಅವರು ಮನೆಯ ಮದುವೆಯಂತೆ ಮಾಡುತ್ತಾರೆ. ನಿಂತವಳು ಕುಂಕುಮದ ಬಟ್ಟಲು ಹಿಡಿದು ತಾನೇ ಪ್ರತಿ ಮನೆಯ ಹೊಸ್ತಿಲಿಗೆ ಹೋಗಬೇಕು. ಹೆಂಗಸರ ಹಣೆಗೆ ಕುಂಕುಮ ಇಡಬೇಕು. ಕುಂಕುಮ ಇಡದವರಿಗೆ, ಗಂಡಸರಿಗೆ, ಕೈಗೆ ಎಲೆ ಅಡಿಕೆ ಕೊಡಬೇಕು. "ಓಟ್‍ಗೆ ಬನ್ನಿ" ಎಂದು ಬಾಯಿ ತುಂಬ ಕರೆಯಬೇಕು. ನನಗೆ ಹಾಕಿ ಎಂದು ಕೇಳುವುದು ಮರ್ಯಾದೆಯಲ್ಲ. ಬಟ್ಟಲು ಹಿಡಿದು ಬಂದವಳೇ ನಿಂತವಳೆಂದು ಎಲ್ಲರಿಗೂ ಗೊತ್ತು, ಇನ್ನು ಕೇಳುವುದೇನಿದೆ? ಎದುರಾಳಿಯ ಮನೆಗೂ ಹೋಗಿ ಕರೆಯಬೇಕು. ಯಾರನ್ನಾದರೂ ಬಿಟ್ಟರೆ ಆ ಮನೆಯವರು ಓಟಿನ ದಿನ ಜಗುಲಿಯ ಮೇಲೆ ಕೂತು, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು ಹೋಗಿಬರುವವರಿಗೆಲ್ಲ ಹೇಳುತ್ತಾರೆ.

ಅಕ್ಕನ ಚಿಹ್ನೆ ಬೀಗ. ಅವಳು ದನದ ಕೊಟ್ಟಿಗೆಯ ದೊಡ್ಡ ಬೀಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಂಕುಮದ ಬಟ್ಟಲು ಹಿಡಿದು ಊರೆಲ್ಲ ಸುತ್ತಿದಳು. ಓಟು ಮುಗಿಯುವವರೆಗೆ ಕೊಟ್ಟಿಗೆಗೆ ಬೀಗವಿರಲಿಲ್ಲ. ಬೀಗ ಓಟಿಗೆ ಹೋಗಿದೆ ಎಂದು ಭಾವ ಬಾಗಿಲಿಗೆ ಹಗ್ಗ ಕಟ್ಟಿದರು.

ಓಟಿನ ಬೆಳಿಗ್ಗೆ ನಾನೂ ನನ್ನ ಗಂಡನೂ ಮೊದಲ ಬಸ್ಸಿಗೆ ಹೋದೆವು. ಶಾಲೆಯ ಅಂಗಳದಿಂದ ಸಾಲು ರಸ್ತೆಗೆ ಬಂದು, ಹುಣಸೆಮರ ದಾಟಿ, ಹಾಲಿನ ಡೈರಿಯವರೆಗೆ ನಿಂತಿತ್ತು. ರಾಗಿ ಕೊಯ್ಲಿನ ಕಾಲ. ಆನೆ ಕಾಯಲು ಹೊಲದಲ್ಲಿ ಮಲಗಿದ್ದವರು ಹೊದ್ದ ಕಂಬಳಿಯಲ್ಲೇ ಬಂದು ಸಾಲಿನಲ್ಲಿ ನಿಂತಿದ್ದರು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಹುಡುಗಿಯರು ಟೆಂಪೋ ಮಾಡಿಕೊಂಡು ಬಂದಿದ್ದರು. ಎದ್ದು ನಡೆಯಲಾಗದ ಅಜ್ಜಿಯೊಬ್ಬಳನ್ನು ಮೊಮ್ಮಕ್ಕಳು ಕುರ್ಚಿಯ ಸಮೇತ ಎತ್ತಿ ತಂದಿದ್ದರು. ಅವಳು ಕುರ್ಚಿಯ ಮೇಲಿನಿಂದಲೇ ಸಾಲಿನವರನ್ನೆಲ್ಲ ವಿಚಾರಿಸುತ್ತ, ದಾರಿ ಬಿಡದವರನ್ನು ಬೈಯುತ್ತ ಬಂದಳು.

ನಾನು ಆ ಸಾಲನ್ನು ನೋಡಿದೆ. ಈ ಕಡೆಯಿಂದ ಆ ಕಡೆಯವರೆಗೆ ಹೆಂಗಸರ ಹಣೆಹಣೆಯಲ್ಲಿ ನನ್ನ ಓರಗಿತ್ತಿ ಇಟ್ಟ ಕುಂಕುಮ. ಕೆಳಗಿನ ಬೀದಿಯವರ ಹಣೆಯಲ್ಲೂ ಅದೇ. ಅದರ ಪಕ್ಕದಲ್ಲಿ ಅವರ ಕಡೆಯವಳದೂ ಒಂದು ಬೊಟ್ಟು. ಇಷ್ಟು ಜನ ಒಂದೇ ದಿನ ಕೆಲಸ ಬಿಟ್ಟು ಒಬ್ಬಳು ಕರೆದಳೆಂದು ಬಂದು ನಿಂತಿದ್ದಾರೆ. ಬರೀ ಬಾಯಿ ಮಾತಿಗೆ. ನಾನು ಸತ್ತರೂ ಇಷ್ಟು ಜನ ಬರುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡೇ ಬೀಗಕ್ಕೆ ಮುದ್ರೆ ಒತ್ತಿದೆ. ಹೊಟ್ಟೆಕಿಚ್ಚಿದ್ದರೂ ಮನೆಯ ಮಾನ ಬೇರೆ.

ಅಕ್ಕ ಸೋತಳು.

ಎಣಿಕೆಯ ದಿನ ಸುದ್ದಿ ತಿಳಿದು ನಾವು ಮತ್ತೆ ಹೋದೆವು. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ನನಗೆ ಹಗುರವಾಗಿತ್ತು. ಸಮಾಧಾನ ಹೇಳುವ ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡೆ. ಅವಳ ಕೈ ಹಿಡಿದುಕೊಂಡು, ಹೋಗಲಿ ಬಿಡಕ್ಕ, ನಿನಗೆ ಯಾಕೆ ಬೇಕಿತ್ತು ಇದೆಲ್ಲ, ಎನ್ನಬೇಕೆಂದಿದ್ದೆ. ಹೋಗಿ ನೋಡಿದರೆ ಅವಳ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಸೋತವರ ಮನೆಯಲ್ಲಿ ಅವತ್ತು ಒಲೆ ಹಚ್ಚಬಾರದು ಎನ್ನುವುದು ಆ ಊರಿನ ಪದ್ಧತಿ. ಗೆದ್ದವರ ಮನೆಯಿಂದ ಊಟ ಬರಬೇಕು, ಗೆದ್ದವಳೇ ತರಬೇಕು. ಹಾಗೆ ಮಾಡಿದರೆ ಆಮೇಲಿನ ಐದು ವರ್ಷ ಒಂದೇ ಊರಿನಲ್ಲಿ ಇರಲು ಸಾಧ್ಯ ಎಂದು ಹಿರಿಯರು ಮಾಡಿದ್ದಿರಬೇಕು. ಕೆಳಗಿನ ಬೀದಿಯವಳು ಮುದ್ದೆಯ ಪಾತ್ರೆ ಹೊತ್ತು ಬಂದಿದ್ದಳು. ಹಿಂದೆ ಸಾರಿನ ಕೊಳಗ. ಅವಳ ಹಿಂದೆ ಅವಳಿಗೆ ಓಟು ಹಾಕಿದವರು, ಇವಳಿಗೆ ಹಾಕಿದವರು, ಯಾರಿಗೆ ಹಾಕಿದೆವೆಂದು ಬಾಯಿ ಬಿಡದವರು. ಗೆದ್ದವಳು ಅಕ್ಕನ ತಟ್ಟೆಗೆ ಮುದ್ದೆ ಇಟ್ಟು ಅತ್ತಳು. ಅಕ್ಕನೂ ಅತ್ತಳು. ಅತ್ತು ಮೂಗು ಒರೆಸಿಕೊಂಡು ಸಾರು ಸುರಿದುಕೊಂಡಳು.

"ಉಪ್ಪು ಸರ್‍ಯಾಗೈತೆ ಕಣೇ," ಎಂದಳು ಗೆದ್ದವಳಿಗೆ. "ಅದ್ಕೇ ಗೆದ್ದಿದೀಯ."

ಎಲ್ಲರೂ ನಕ್ಕರು. ನಾನು ಜೋಡಿಸಿಕೊಂಡು ಬಂದಿದ್ದ ಸಮಾಧಾನದ ಮಾತು ಬಾಯಲ್ಲೇ ಉಳಿಯಿತು. ಸೋತವಳಿಗೆ ಇಷ್ಟು ಜನವಿದ್ದರೆ ಗೆದ್ದಿದ್ದರೆ ಏನಾಗುತ್ತಿತ್ತೋ! ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದು ಗಂಡ ಕೇಳಿದ. ಅಕ್ಕ ಸೋತಳಲ್ಲ, ಬೇಜಾರು, ಎಂದೆ.

ಆ ಉರಿ ಆರುವ ಮೊದಲೇ ಹೊಸೂರಿನಲ್ಲಿ ಮಾನಗರಾಚ್ಚಿ ಚುನಾವಣೆ, ಅಂದರೆ ಪಾಲಿಕೆಯ ಚುನಾವಣೆ ಬಂತು. ನಮ್ಮ ವಾರ್ಡೂ ಹೆಂಗಸರಿಗೆ ಬಿತ್ತು. ಅಷ್ಟರಲ್ಲಿ ನಮ್ಮ ಓಟನ್ನು ಹೊಸೂರಿಗೆ ಬದಲಾಯಿಸಿಕೊಂಡಿದ್ದೆವು. ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಸೇರಿ ನೀರಿನ ಲಾರಿ, ಮೋರಿ, ಬೀದಿನಾಯಿ ಎಲ್ಲ ಮಾತಾಡಿ, ನಮ್ಮವರೊಬ್ಬರು ನಿಲ್ಲಬೇಕು ಎಂದರು. ನಿಲ್ಲುವವರು ಯಾರು ಎಂದಾಗ ಎಲ್ಲರೂ ಕಾಲಿನ ಕಡೆ ನೋಡಿಕೊಂಡರು. "ನೀವು ನಿಲ್ಲಿ, ನಿಮಗೆ ಎಲ್ಲರೂ ಗೊತ್ತು. ನಾವೆಲ್ಲ ಇದ್ದೀವಲ್ಲ," ಎಂದು ಯಾರೋ ನನ್ನನ್ನು ತೋರಿಸಿದರು. ಬೇರೆಯವಳಾಗಿದ್ದರೆ ಯೋಚಿಸುತ್ತಿದ್ದಳು. ನನ್ನ ಕಣ್ಣ ಮುಂದೆ ಹುಣಸೆಮರ ದಾಟಿ ಡೈರಿಯವರೆಗೆ ನಿಂತ ಸಾಲು ಬಂತು. ಆಯಿತು ಎಂದುಬಿಟ್ಟೆ.

ಯಾವ ಪಾರ್ಟಿಯೂ ಇಲ್ಲದೆ ನಿಂತೆ. ಚಿಹ್ನೆ ಆರಿಸುವಾಗ ಕತ್ತರಿ ಕೇಳಿದೆ, ಸಿಕ್ಕಿತು. ನನ್ನ ಅಂಗಡಿಯ ಬಟ್ಟೆ ಚೀಲಗಳ ಮೇಲೆ ಎಷ್ಟೋ ವರ್ಷದಿಂದ ಇದ್ದದ್ದು ಅದೇ ಕತ್ತರಿಯ ಚಿತ್ರ. ಹೊಲಿದ ಬಟ್ಟೆಯನ್ನು ಆ ಚೀಲದಲ್ಲೇ ಹಾಕಿ ಕೊಡುತ್ತಿದ್ದೆ.

ಈಗ ಕರೆಯುವ ವಿಷಯ. ಗಂಡ, "ಊರಲ್ಲಿ ಅತ್ತಿಗೆ ಮಾಡಿದಂಗೆ ಕುಂಕುಮ ಇಟ್ಟು ಕರೆದು ಬಂದುಬಿಡು," ಎಂದ. ನನಗೆ ಮೈಯೆಲ್ಲ ಉರಿಯಿತು. ಇಲ್ಲೂ ಅವಳು ಮಾಡಿದಂಗೇ ಮಾಡಬೇಕೆ? ಇದು ಪಟ್ಟಣ, ಓದಿದ ಜನ, ಮನೆಮನೆಗೆ ಬಟ್ಟಲು ಹಿಡಿದು ಹೋದರೆ ನಗುತ್ತಾರೆ, ಎಂದೆ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬಣ್ಣದ ನೋಟಿಸು ಮಾಡಿಸಿ ಬಾಗಿಲ ಸಂದಿಗೆ ತುರುಕಿಸಿದೆ. ಬಡಾವಣೆಯ ವಾಟ್ಸಾಪ್ ಗುಂಪಿಗೆ ಕತ್ತರಿಯ ಚಿತ್ರ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು, ಕೈ ಮುಗಿದರು, ಹೂಗುಚ್ಛ ಕಳಿಸಿದರು. ಫೋನಿನ ಒಳಗೆ ನನಗೆ ಅಂದು ಬಿದ್ದಷ್ಟು ಓಟು ಯಾರಿಗೂ ಬಿದ್ದಿರಲಾರದು.

ಓಟಿನ ದಿನ ರಜೆ. ಅದರ ಪಕ್ಕದಲ್ಲೇ ಭಾನುವಾರ. ಬೆಳಿಗ್ಗೆಯಿಂದ ಬಡಾವಣೆಯ ಕಾರುಗಳು ಒಂದೊಂದಾಗಿ ಗೇಟು ದಾಟಿ ಹೋದವು. ಒಂದು ಹೊಗೇನಕಲ್ಲಿಗೆ, ಒಂದು ಏರ್ಕಾಡಿಗೆ, ಬಾಕಿಯವು ಬೆಂಗಳೂರಿಗೆ. ಸಂಘದ ಹಿರಿಯರು ಕಾರಿನ ಗಾಜು ಇಳಿಸಿ, "ಬಂದು ಹಾಕ್ತೀವಿ, ಸಂಜೆವರೆಗೂ ಟೈಮ್ ಇದೆಯಲ್ಲ," ಎಂದು ಕೈ ಬೀಸಿದರು. ನನ್ನ ಬಳಿ ಹೋದ ವಾರವೇ ಹೊಲಿಸಿಕೊಂಡ ಬ್ಲೌಸು ಹಾಕಿಕೊಂಡು ಅವರ ಹೆಂಡತಿ ಪಕ್ಕದಲ್ಲಿ ಕೂತಿದ್ದರು. ತೋಳು ಚೆನ್ನಾಗಿ ಕೂತಿತ್ತು.

ಮತಗಟ್ಟೆ ಇದ್ದದ್ದು ಸರ್ಕಾರಿ ಶಾಲೆಯಲ್ಲಿ. ನಾನು ಗೇಟಿನಿಂದ ದೂರದಲ್ಲಿ ಬೇವಿನಮರದ ಕೆಳಗೆ ನಿಂತೆ. ಶಾಲೆಯ ಅಂಗಳದಲ್ಲಿ ಸಾಲು ನೇರವಾಗಿರಲೆಂದು ಬಿದಿರು ಕಟ್ಟಿದ್ದರು. ಆ ಬಿದಿರಿನ ನಡುವೆ ಒಂದು ನಾಯಿ ಮಲಗಿತ್ತು. ಓಟು ಹಾಕಲು ಬಂದ ಒಬ್ಬಿಬ್ಬರು ನಾಯಿಯನ್ನು ಎಬ್ಬಿಸದೆ ಸುತ್ತು ಹಾಕಿ ಹೋದರು. ಪೊಲೀಸಿನವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಚುನಾವಣೆಯಲ್ಲಿ ನನ್ನ ಎದುರಾಳಿ ಪಕ್ಕದ ಬೀದಿಯವಳು. ಅವಳ ಗಂಡನಿಗೆ ರಾಜಕೀಯದ ಹುಚ್ಚು, ಜಾಗ ಹೆಂಗಸರಿಗೆ ಬಿದ್ದದ್ದರಿಂದ ಹೆಂಡತಿಯ ಹೆಸರು ಕೊಟ್ಟಿದ್ದ. ಅವನು ಬಂದು ಒಂದು ಸಲ ಇಣುಕಿ, ನನ್ನನ್ನು ನೋಡಿ ನಕ್ಕು, ಟೀ ಕುಡಿಯಲು ಹೋದ.

ಮಧ್ಯಾಹ್ನ ಡೆಂಕಣಿಕೋಟೆ ಬಸ್ಸಿನಿಂದಿಳಿದು ಅಕ್ಕ ಬಂದಳು. ಕರೆದಿರಲಿಲ್ಲ, ಬಂದಳು. ಹೆಗಲಿಗೆ ನನ್ನದೇ ಅಂಗಡಿಯ ಕತ್ತರಿ ಚಿತ್ರದ ಚೀಲ. ಯಾವ ಕಾಲದಲ್ಲೋ ಅವಳ ಬ್ಲೌಸು ಹಾಕಿ ಕೊಟ್ಟಿದ್ದೆ, ಅಂದಿನಿಂದ ಅವಳು ಎಲ್ಲಿಗೆ ಹೋದರೂ ಅದೇ ಚೀಲ. ನಿಂತು ಅಂಗಳ ನೋಡಿದಳು, ಬಿದಿರು ನೋಡಿದಳು, ನಾಯಿ ನೋಡಿದಳು.

"ಇದೇನೇ, ಓಟು ನಾಳೀಕಾ?" ಎಂದಳು.

ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಈ ಅಂಗಳವನ್ನು ಈ ಜಗತ್ತಿನಲ್ಲಿ ಯಾರು ನೋಡಬಾರದಿತ್ತೋ ಅವಳೇ ಬಂದು ನೋಡಿದ್ದಳು.

"ಕರ್‍ದಾ ಜನಾನ?"

"ನೋಟಿಸ್ ಹಾಕಿಸಿದೀನಿ ಅಕ್ಕ. ಫೋನಲ್ಲೂ ಹಾಕಿದೀನಿ."

"ನೋಟಿಸ್ ಕೊಟ್ರೆ ಮನೆ ಖಾಲಿ ಮಾಡ್ತಾರೆ, ಓಟ್‍ಗೆ ಬತ್ತಾರಾ? ಕುಂಕುಮ ಇಡ್ಲಿಲ್ವಾ?"

"ಇಲ್ಲಿ ಅದೆಲ್ಲ ನಡೆಯಲ್ಲ."

ಅವಳು ಚೀಲಕ್ಕೆ ಕೈ ಹಾಕಿ ಕುಂಕುಮದ ಬಟ್ಟಲು ತೆಗೆದಳು. ಅದನ್ನು ಊರಿನಿಂದ ತಂದಿದ್ದಳು. ಗೆಲ್ಲಲೆಂದು ನನ್ನ ಹಣೆಗೆ ಕುಂಕುಮ ಇಡಲು ತಂದಿದ್ದಳೋ, ಇಲ್ಲಿ ಹೀಗೆ ಆಗಿರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ತಂದಿದ್ದಳೋ, ಇವತ್ತಿಗೂ ನನಗೆ ತಿಳಿಯದು. ಕೇಳಿಯೂ ಇಲ್ಲ. ಬಟ್ಟಲ ಜೊತೆಗೆ ವೀಳ್ಯದೆಲೆಯ ಕಟ್ಟು.

"ಅಕ್ಕ, ಇವತ್ತು ನನ್ನ ಹೆಸರು, ಚಿಹ್ನೆ ಏನೂ ಹೇಳಬಾರದು. ಕಾನೂನು. ಹೇಳಿದರೆ ಹಿಡಿದುಕೊಂಡು ಹೋಗ್ತಾರೆ," ಎಂದೆ ಗಾಬರಿಯಿಂದ.

"ನಿನ್ ಹೆಸ್ರು ನಾನ್ಯಾಕೆ ಎತ್ಲಿ? ಓಟ್‍ಗೆ ಬನ್ನಿ ಅಂತೀನಿ, ಅಷ್ಟೇಯ," ಎಂದು ಚೀಲ ಹೆಗಲಿಗೇರಿಸಿ ಬಡಾವಣೆಯ ಒಳಗೆ ನಡೆದೇಬಿಟ್ಟಳು.

ಬಡಾವಣೆಯ ಗೇಟಿನ ಕಾವಲಿನವನು ನನ್ನ ನೋಟಿಸಿನ ಹುಡುಗರನ್ನೇ ಎಷ್ಟೋ ಹೊತ್ತು ತಡೆದು ನಿಲ್ಲಿಸಿದ್ದ, ಇವಳನ್ನು ಬಿಡುತ್ತಾನೆಯೇ ಎಂದುಕೊಂಡೆ. ಬಿಡದಿರಲಿ ಎಂದೇ ಆಸೆಪಟ್ಟೆ. ನನ್ನ ಬಡಾವಣೆ ಅವಳ ಮುಂದೆಯೂ ಬಾಗಿಲು ಹಾಕಿಕೊಳ್ಳಲಿ, ಅವಳೂ ಒಂದು ಸಲ ಬೆವರು ಒರೆಸಿಕೊಂಡು ಬರಿಗೈಯಲ್ಲಿ ವಾಪಸು ಬರಲಿ. ಅದರಿಂದ ನನಗೆ ಒಂದು ಓಟೂ ಹೆಚ್ಚುವುದಿಲ್ಲ ಎಂದು ಗೊತ್ತಿತ್ತು. ಆದರೂ ಬೇವಿನಮರದ ಕೆಳಗೆ ನಿಂತು ಅದನ್ನೇ ಬೇಡಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಬಡಾವಣೆಯ ರಸ್ತೆಯಲ್ಲಿ ಜನ ಕಾಣಿಸಿದರು. ಮುಂದೆ ಅಕ್ಕ. ಹಿಂದೆ ಮುದುಕಿಯರು, ಮುದುಕರು. ಕೆಲವರ ಕೈಯಲ್ಲಿ ಕೋಲು, ಕೆಲವರು ಇನ್ನೊಬ್ಬರ ತೋಳು ಹಿಡಿದುಕೊಂಡು. ಇವರೆಲ್ಲ ಎಲ್ಲಿದ್ದರು ಇಷ್ಟು ದಿನ? ನನಗೆ ಇವರಲ್ಲಿ ಹೆಚ್ಚಿನವರ ಮುಖವೇ ಗೊತ್ತಿರಲಿಲ್ಲ. ಮಕ್ಕಳು ಹೊಸೂರಿನಲ್ಲಿ ಮನೆ ಮಾಡಿದ ಮೇಲೆ ರಾಯಕೋಟೆಯಿಂದ, ಡೆಂಕಣಿಕೋಟೆಯಿಂದ, ಕೃಷ್ಣಗಿರಿಯ ಆಚೆಯಿಂದ ಬಂದು ಮೇಲಿನ ಮಹಡಿಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಇದ್ದವರು. ಇವರ ಓಟೂ ಇಲ್ಲಿಗೆ ಬಂದಿತ್ತು. ಆ ಓಟನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಬೆಳಿಗ್ಗೆಯೇ ಕಾರು ತೆಗೆದಿದ್ದರು. ಇವರಿಗೆ ಬಾಗಿಲ ಸಂದಿಯ ನೋಟಿಸು ಓದಲು ಬಾರದು, ವಾಟ್ಸಾಪ್ ಗುಂಪಿನಲ್ಲಿ ಇವರು ಇಲ್ಲ.

ಹೆಂಗಸರ ಹಣೆಯಲ್ಲಿ ಹಸಿ ಕುಂಕುಮ. ಕುಂಕುಮ ಇಲ್ಲದವರ ಕೈಯಲ್ಲಿ ಎಲೆ ಅಡಿಕೆ. ಅಕ್ಕ ಒಬ್ಬರ ಹತ್ತಿರ ತೆಲುಗು, ಇನ್ನೊಬ್ಬರ ಹತ್ತಿರ ತಮಿಳು, ಎಲ್ಲ ತಪ್ಪುತಪ್ಪಾಗಿ ಮಾತಾಡುತ್ತ, ಯಾರ ಊರು ಯಾವುದು, ಯಾರಿಗೆ ಯಾರು ನೆಂಟರು ಎಂದು ಕೆದಕುತ್ತ ಬರುತ್ತಿದ್ದಳು. ಪೊಲೀಸಿನವರು ಎದ್ದು ನಿಂತು ಟೊಪ್ಪಿಗೆ ಸರಿ ಮಾಡಿಕೊಂಡರು. ನಾಯಿ ಎದ್ದು ಹೋಯಿತು. ಬಿದಿರಿನ ನಡುವೆ ಸಾಲು ನಿಂತಿತು.

ನನ್ನ ಬೂತಿನ ಮುಂದೆ ಒಂದು ಸಾಲು! ನಾನು ಯಾವುದಕ್ಕೆ ಆಸೆಪಟ್ಟಿದ್ದೆನೋ ಅದೇ. ಅದನ್ನು ನೋಡಿ ಕುಣಿಯಬೇಕಿತ್ತು. ನನಗೆ ಅಳು ಬಂತು, ಸಂತೋಷಕ್ಕಲ್ಲ. ಆ ಮುದುಕಿಯರು ಸಾಲಿನಲ್ಲಿ ನಿಂತು ತಿರುಗಿ ತಿರುಗಿ ನೋಡುತ್ತಿದ್ದದ್ದು ಅಕ್ಕನ ಕಡೆಗೆ. ಅವಳು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎಲೆಗೆ ಸುಣ್ಣ ಸವರುತ್ತಿದ್ದಳು. ನಾನು ಹತ್ತಿರ ಹೋಗಿ ನೀರಿನ ಬಾಟಲಿ ಕೊಟ್ಟೆ. "ಒಳ್ಳೇ ಜನ ಕಣೇ ನಿಮ್ಮೋರು. ಕರ್‍ಯೋರಿಲ್ದೆ ಕೂತವ್ರೆ," ಎಂದು ಗಟಗಟನೆ ಕುಡಿದಳು. ನಿಮ್ಮೋರು ಎಂದದ್ದೂ ನನಗೆ ಚುಚ್ಚಿತು.

ಕಾರುಗಳು ಕತ್ತಲಾದ ಮೇಲೆ ವಾಪಸು ಬಂದವು. ಅಷ್ಟರಲ್ಲಿ ಬಾಗಿಲು ಹಾಕಿ, ಯಂತ್ರಕ್ಕೆ ಅರಗು ಹಚ್ಚಿ ಆಗಿತ್ತು.

ಎಣಿಕೆಯಲ್ಲಿ ನಾನು ಗೆದ್ದೆ. ಕೂದಲೆಳೆಯ ಗೆಲುವು. ಎಣಿಸುವ ಅಧಿಕಾರಿ ನನ್ನ ಹೆಸರು ಕರೆದಾಗ ನನ್ನ ಗಂಡ ಒಬ್ಬನೇ ಚಪ್ಪಾಳೆ ತಟ್ಟಿದ. ಮನೆಗೆ ಬಂದೆವು. ಬೀದಿ ಎಂದಿನಂತಿತ್ತು. ಎದುರು ಮನೆಯ ಟೀವಿಯ ಸದ್ದು, ಯಾರೋ ಬೈಕು ತೊಳೆಯುವ ಸದ್ದು. ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛಗಳು ಬಂದವು, ಅವುಗಳ ನಡುವೆಯೇ ಯಾರೋ ಕಳೆದುಹೋದ ಗ್ಯಾಸ್ ಲೈಟರ್ ಬಗ್ಗೆ ಕೇಳಿದ್ದರು. ಬಾಗಿಲು ತೆರೆದಿಟ್ಟುಕೊಂಡು ಕೂತೆ. ಯಾರೂ ಬರಲಿಲ್ಲ. ಅಕ್ಕನ ಅಂಗಳದಲ್ಲಿ ಅವಳು ಸೋತ ದಿನ ಕಾಲಿಡಲು ಜಾಗವಿರಲಿಲ್ಲ.

ಆಗ ಊರಿನ ಪದ್ಧತಿ ನೆನಪಾಯಿತು. ಸೋತವರ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಗೆದ್ದವಳು ಊಟ ಒಯ್ಯಬೇಕು. ಅಕ್ಕನಿಗೆ ಕೆಳಗಿನ ಬೀದಿಯವಳು ಮಾಡಿದ್ದನ್ನು ನಾನು ಯಾಕೆ ಮಾಡಬಾರದು? ನನಗೂ ಒಬ್ಬಳು ಎದುರಾಳಿ ಇದ್ದಾಳೆ, ಅವಳೂ ಅಳಲಿ, ನಾನೂ ಅಳುತ್ತೇನೆ. ಮುದ್ದೆ ಕಟ್ಟಿದೆ, ಅವರೆಕಾಳಿನ ಸಾರು ಮಾಡಿದೆ, ಉಪ್ಪನ್ನು ಎರಡೆರಡು ಸಲ ನೋಡಿ ಹಾಕಿದೆ. ಪಾತ್ರೆ ಹೊತ್ತು ಪಕ್ಕದ ಬೀದಿಗೆ ಹೋಗಿ ಬೆಲ್ಲು ಒತ್ತಿದೆ.

ಸೋತವಳು ನೈಟಿಯಲ್ಲಿ ಬಾಗಿಲು ತೆರೆದಳು. ಅಳುವ ಮುಖವಿರಲಿಲ್ಲ.

"ಏನಿದು, ಏನು ವಿಶೇಷ?" ಎಂದು ಪಾತ್ರೆ ನೋಡಿದಳು.

"ರಿಸಲ್ಟ್ ಬಂತಲ್ಲ..."

"ಓ, ಬಂತಾ? ಯಾರು ಗೆದ್ದರು?"

ನಾನು ಪಾತ್ರೆಯನ್ನು ಇನ್ನೊಂದಿಷ್ಟು ಮುಂದೆ ಹಿಡಿದೆ. ಅವಳಿಗೆ ಆಮೇಲೆ ಹೊಳೆಯಿತು. "ಅಯ್ಯೋ, ನೀವೇನಾ? ಒಳ್ಳೇದಾಯ್ತು ಬಿಡಿ. ನಮ್ಮನೆಯವರಿಗೆ ಆ ಹುಚ್ಚು. ನಾನಂತೂ ಓಟಿಗೇ ಹೋಗ್ಲಿಲ್ಲ. ಲೈನು ಇರುತ್ತೆ ಅಂದ್ರು, ಯಾರು ಬಿಸಿಲಲ್ಲಿ ನಿಲ್ಲೋದು ಅಂತ." ಒಳಗಿನಿಂದ ಬಿರಿಯಾನಿಯ ವಾಸನೆ ಬರುತ್ತಿತ್ತು. ಊಟ ತರಿಸಿಕೊಂಡಿದ್ದೇವೆ, ಮುದ್ದೆ ನಮ್ಮ ಮಕ್ಕಳು ತಿನ್ನುವುದಿಲ್ಲ, ಎಂದು ನಯವಾಗಿ ಹೇಳಿ ಬಾಗಿಲು ಹಾಕಿಕೊಂಡಳು. ಲೈನು ಇದ್ದದ್ದು ನಿಜ ಎಂದು ನನ್ನ ಮನಸ್ಸು ಹೇಳಿಕೊಂಡಿತು, ಆದರೆ ಅದು ಯಾರ ಲೈನು? ಮುದ್ದೆಯನ್ನು ಮನೆಗೆ ತಂದು ನಾನೂ ಗಂಡನೂ ಉಂಡೆವು. ಸಾರು ಚೆನ್ನಾಗಿದೆ ಎಂದು ಅವನು ಹೇಳಿದ್ದು ನನಗೆ ಕೋಪವನ್ನೇ ತಂದಿತು.

ಅಕ್ಕನಿಗೆ ಫೋನು ಮಾಡಿ ಗೆದ್ದೆ ಎಂದೆ. ಅವಳು ಆ ಕಡೆಯಿಂದ ಜೋರಾಗಿ ಕಿರುಚಿ ಬೀದಿಗೆಲ್ಲ ಹೇಳಿದ್ದು ನನಗೆ ಕೇಳಿಸಿತು. ಜನ ಓಡಿಬಂದು, ಗೆದ್ದರಂತಾ, ಎಂದು ಅವಳನ್ನು ಕೇಳುವುದೂ ಕೇಳಿಸಿತು. ನನ್ನ ಗೆಲುವಿನ ಸಂಭ್ರಮ ಅವಳ ಅಂಗಳದಲ್ಲಿ ನಡೆಯಿತು. ನಾನು ಅದನ್ನು ಫೋನಿನಲ್ಲಿ ಕೇಳಿಸಿಕೊಂಡೆ.

ಅಂಗಡಿಯ ಮೇಲೆ ಗಂಡ ದೊಡ್ಡ ಬೋರ್ಡು ಬರೆಸಿದ, ನನ್ನ ಹೆಸರು, ಕೆಳಗೆ ತಮಿಳಿನಲ್ಲಿ 'ಮಾಮನ್ರ ಉರುಪ್ಪಿನರ್', ಪಾಲಿಕೆಯ ಸದಸ್ಯೆ ಎಂದು. ಬೋರ್ಡಿನ ಕೆಳಗೆ ನಾನು ಹೊಲಿಯುತ್ತಲೇ ಇದ್ದೆ. ಮೀಟಿಂಗಿಗೆ ಹೋಗಿ ನೀರಿನ ವಿಷಯ ಎತ್ತಿದೆ, ಮೋರಿಯ ವಿಷಯ ಎತ್ತಿದೆ. ಒಂದಿಷ್ಟು ಆಯಿತು, ಒಂದಿಷ್ಟು ಆಗಲಿಲ್ಲ. ಬಡಾವಣೆಯ ಹೆಂಗಸರು ಬ್ಲೌಸು ಕೊಡಲು ಬಂದಾಗ, ನಾವು ಅವತ್ತು ಬರಬೇಕಿತ್ತು, ಟ್ರಾಫಿಕ್ಕು, ಎಂದು ಹೇಳಿ ಕತ್ತಿನ ಅಳತೆ ಕೊಟ್ಟು ಹೋದರು. ನಾನು ನಕ್ಕು ಬರೆದುಕೊಂಡೆ. ಮನಸ್ಸಿಗೆ ಒಂದೇ ಸಮಾಧಾನವಿತ್ತು. ಸಾಲು ಯಾರದ್ದಾದರೂ ಆಗಲಿ, ಓಟು ನನ್ನದು. ಕರೆದವಳು ಅವಳಾದರೂ ಒಳಗೆ ಹೋಗಿ ಒತ್ತಿದ್ದು ನನ್ನ ಕತ್ತರಿಗೆ. ಅಷ್ಟನ್ನು ಅವಳು ಕಿತ್ತುಕೊಳ್ಳಲಾರಳು.

ಒಂದು ದಿನ ಆ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಅಂಗಡಿಗೆ ಬಂದಳು. ರಾಯಕೋಟೆ ಕಡೆಯವಳು, ಕೈಯಲ್ಲಿ ಹಳೆಯ ಸೀರೆಯಿಂದ ಕತ್ತರಿಸಿದ ಬಟ್ಟೆ. ರವಿಕೆ ಹೊಲಿಯಬೇಕು, ತೋಳು ಸಡಿಲವಿರಬೇಕು ಎಂದಳು. ಟೇಪು ತೆಗೆದು ಅವಳ ಭುಜಕ್ಕೆ ಹಿಡಿದೆ.

ಅವಳು ಗೋಡೆಗೆ ನೇತುಹಾಕಿದ್ದ ನನ್ನ ಅಂಗಡಿಯ ಚೀಲಗಳನ್ನು ನೋಡಿದಳು. "ಇದೇ ಕತ್ರಿ ಚೀಲ ಆಯಮ್ಮನ ಹೆಗಲ ಮೇಲಿತ್ತು," ಎಂದಳು.

"ಯಾವ ಆಯಮ್ಮ?"

"ಓಟಿನ ದಿನ ಕುಂಕುಮ ಇಟ್ಟು ಕರ್‍ದ್ರಲ್ಲ, ಆಯಮ್ಮ. ಪಾಪ, ಬಿಸ್ಲಲ್ಲಿ ಮೂರು ಮಹಡಿ ಹತ್ತಿ ಬಂದ್ರು. ಏನೂ ಕೇಳ್ಲಿಲ್ಲ, ಬನ್ನಿ ಅಂದ್ರು ಅಷ್ಟೇ. ನಾವೂ ಚೀಲದ ಮೇಲಿದ್ದ ಕತ್ರೀಗೇ ಒತ್ತಿದ್ವಿ. ನಮ್ಮ ಕಡೆ ಹಂಗೇ ಅಲ್ವಾ, ಕುಂಕುಮ ತಂದೋರೇ ನಿಂತೋರು."

ಟೇಪು ಅವಳ ಭುಜದ ಮೇಲೇ ನಿಂತಿತು.

"ಆಯಮ್ಮ ಗೆದ್ರಂತೆ, ನಮ್ಮ ಮಗ ಅಂದ. ಆಮೇಲೆ ಒಂದ್ಸಲಾನೂ ಕಾಣ್ಲಿಲ್ಲ. ನಮ್ಮ ಕಡೆ ಬೀದಿಗೆ ನೀರು ಬಂದಿಲ್ಲ, ಅವ್ರಿಗೆ ಒಂದು ಮಾತು ಹೇಳ್ಬೇಕಿತ್ತು. ಅವ್ರ ಚೀಲ ನಿನ್ ಅಂಗ್ಡೀದೇ ಅಲ್ವಾ. ನಿನ್ಗೆ ಗೊತ್ತಿರ್‍ಬೇಕು, ಗೆದ್ದ ಆಯಮ್ಮನ ಮನೆ ಎಲ್ಲಿ?"

ಅವಳ ತಲೆಯ ಮೇಲೆ ಬಾಗಿಲ ಹೊರಗೆ, ಅವಳಿಗೆ ಓದಲು ಬಾರದ ನನ್ನ ಹೆಸರಿನ ಬೋರ್ಡು ಇತ್ತು. ನಾನೇ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳು ನನ್ನ ಮುಖ ನೋಡುತ್ತಾಳೆ, ಅವಳ ಹಣೆಗೆ ಕುಂಕುಮ ಇಟ್ಟ ಮುಖ ಇದಲ್ಲ ಎಂದು ತಿಳಿಯುತ್ತದೆ, ಮೋಸಹೋದೆನೆಂದು ಕೊರಗುತ್ತಾಳೆ. ಅದೂ ಅಲ್ಲದೆ ಅವಳು ಹೇಳುವುದು ಸರಿಯೇ ಇತ್ತು.

"ಗೊತ್ತಮ್ಮ," ಎಂದೆ. "ನಮ್ಮಕ್ಕ ಅವರು. ಈಗ ಊರಲ್ಲಿದಾರೆ. ನೀರಿನ ವಿಷಯ ನಾನು ಅವರಿಗೆ ಹೇಳ್ತೀನಿ."

"ಮರೀಬ್ಯಾಡಮ್ಮ," ಎಂದು ಅವಳು ಇನ್ನೊಂದು ಭುಜ ತಿರುಗಿಸಿದಳು. ನಾನು ಅಳತೆ ಬರೆದುಕೊಂಡೆ, ತೋಳಿಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಟ್ಟೆ.